ಅಡಿಕೆ ಸುಲಿಯುವವರ ಭುಜನೋವು: ಸೂಜಿ ಹಾಕಿದ ಮೇಲೆ ನಾನು ಮಾಡಿಸುವುದು

ನಾನು ಶಿರಸಿಯಲ್ಲಿ ಫಿಸಿಯೋಥೆರಪಿಸ್ಟ್. ಅಡಿಕೆ ಕೊಯ್ಲು ಶುರುವಾದರೆ ಕುತ್ತಿಗೆ, ಭುಜ ನೋವಿನವರೇ ಜಾಸ್ತಿ. ಮೆಟ್ಟುಗತ್ತಿಯ ಮುಂದೆ ಕತ್ತು ಬಗ್ಗಿಸಿ ಕೂತು ರಾತ್ರಿಯವರೆಗೂ ಸುಲಿಯುವವರು, ಮರ ಹತ್ತುವ ಕೊನೆಗೌಡರು. ಹೆಚ್ಚಿನವರು ಎಕ್ಸ್-ರೇ ತೆಗೆಸಿಯೇ ಬರುತ್ತಾರೆ. ನೋವು ಕೊಡುವ ಸ್ನಾಯುವಿನ ಗಂಟು ಅದರಲ್ಲಿ ಕಾಣುವುದಿಲ್ಲ. ಆ ಗಂಟಿಗೆ ತೆಳು ಸೂಜಿ ಚುಚ್ಚಿ ಸಡಿಲಿಸುವ ಚಿಕಿತ್ಸೆ, ಅಂದರೆ ಡ್ರೈ ನೀಡ್ಲಿಂಗ್, ಮಾಡುತ್ತೇನೆ.

ಅವರು ಮುಟ್ಟಿ ತೋರಿಸುವುದು ಭುಜದ ಮುಂಭಾಗ. ನಾನು ಹುಡುಕುವುದು ಹಿಂದೆ, ಹೆಗಲೆಲುಬಿನ ಮೇಲಿರುವ ಇನ್‌ಫ್ರಾಸ್ಪೈನೇಟಸ್ ಸ್ನಾಯುವಿನಲ್ಲಿ. ಅಲ್ಲಿ ಹುರಿಯಂತೆ ಬಿಗಿದ ಎಳೆ ಸಿಗುತ್ತದೆ. ಒತ್ತಿದರೆ ನೋವು ಮುಂದಕ್ಕೆ, ತೋಳಿಗೆ ಹರಿಯುತ್ತದೆ. "ನೋವು ಇಲ್ಲಿದ್ದು, ಸೂಜಿ ಅಲ್ಲಿ ಎಂತಕ್ಕೆ?" ಎಂದು ಕೇಳಿದ ಅಮ್ಮನಿಗೆ ಹಾಗೆ ಒತ್ತಿಯೇ ತೋರಿಸಿದೆ. ಯಾವ ಸ್ನಾಯುವಿನ ನೋವು ಎಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ದಶಕಗಳ ಕಾಲ ಗುರುತಿಸಿದವರು ಅಮೆರಿಕದ ಡಾ. ಜಾನೆಟ್ ಟ್ರಾವೆಲ್. ಅಲ್ಲಿನ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿಯವರ ವೈದ್ಯೆಯಾಗಿದ್ದವರೂ ಅವರೇ.

ಸೂಜಿಯಲ್ಲಿ ಔಷಧ ಇರುವುದಿಲ್ಲ. ಔಷಧವಿಲ್ಲದ ಸೂಜಿಯಿಂದಲೂ ನೋವು ಇಳಿಯುತ್ತದೆ ಎಂದು ಪ್ರಾಗ್‌ನ ಡಾ. ಕಾರೆಲ್ ಲೆವಿಟ್ 1979ರಲ್ಲೇ ಬರೆದಿದ್ದರು. ಕೂದಲಿಗಿಂತ ಕೆಲವು ಪಟ್ಟು ದಪ್ಪದ, ಸುಮಾರು 0.3 ಮಿ.ಮೀ.ನ, ಒಮ್ಮೆ ಬಳಸಿ ಎಸೆಯುವ ಸೂಜಿ ಅದು. ಗಂಟಿಗೆ ತಾಗಿದಾಗ ಸ್ನಾಯು ಒಮ್ಮೆ ಪಟಕ್ಕನೆ ಅದುರುವುದುಂಟು. ಹೆಗಲ ಮೇಲಿನ ಟ್ರೆಪೀಜಿಯಸ್‌ಗೆ ಹಾಕುವಾಗ ಮಾತ್ರ ಮೈಯೆಲ್ಲ ಎಚ್ಚರ ಬೇಕು. ಕೆಳಗೆ ಶ್ವಾಸಕೋಶದ ತುದಿ ಇದೆ. ಸ್ನಾಯುವನ್ನು ಬೆರಳಲ್ಲಿ ಹಿಡಿದು ಮೇಲೆತ್ತಿಯೇ ಚುಚ್ಚುತ್ತೇನೆ. ತರಬೇತಿ ಇಲ್ಲದವರ ಕೈಗೆ ಭುಜ ಕೊಡಬೇಡಿ.

ಸೂಜಿ ತೆಗೆದ ಕೂಡಲೇ ಸ್ಟ್ರೆಚಿಂಗ್ ಮಾಡಿಸುತ್ತೇನೆ. ನೋವಿರುವ ಕೈಯನ್ನು ಎದೆಗೆ ಅಡ್ಡವಾಗಿ ತಂದು, ಇನ್ನೊಂದು ಕೈಯಿಂದ ಮೊಣಕೈ ಹಿಡಿದು ಮೆಲ್ಲಗೆ ಎಳೆದುಕೊಳ್ಳಬೇಕು. 30 ಸೆಕೆಂಡು ಹಾಗೇ ಇರಬೇಕು. ಜಗ್ಗಬಾರದು, ಉಸಿರು ಕಟ್ಟಬಾರದು. ಮನೆಯಲ್ಲೂ ದಿನಾ ಮಾಡಬೇಕು. ನನ್ನ ಕಣ್ಣಿಗೆ ಕಂಡಂತೆ, ಬರೀ ಸೂಜಿ ಹಾಕಿಸಿಕೊಂಡು ಹೋದವರು ಅಡಿಕೆ ಸುಲಿಯುವ ಕೆಲಸ ಮುಗಿಯುವುದರೊಳಗೆ ಅದೇ ನೋವು ಹೊತ್ತು ವಾಪಸ್ ಬರುತ್ತಾರೆ. ಸ್ಟ್ರೆಚಿಂಗ್ ಬಿಡದವರು, ನಡುನಡುವೆ ಎದ್ದು ಓಡಾಡುವವರು ಅಷ್ಟು ಬೇಗ ಬರುವುದಿಲ್ಲ. ಆಮೇಲೆ ಬಲ ಬರಿಸುವ ವ್ಯಾಯಾಮವನ್ನೂ ಸೇರಿಸುತ್ತೇನೆ.

ಒಂದೆರಡು ದಿನ ಚುಚ್ಚಿದ ಜಾಗ ನೋಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಸುಮ್ನೆ ಗಾಬರಿಯಾಗುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಮೊದಲೇ ತಿಳಿಸಿ. ಭುಜನೋವಿನ ಜೊತೆ ಎದೆ ಬಿಗಿತ, ಬೆವರು, ಉಬ್ಬಸ ಇದ್ದರೆ ನಾನು ಸೂಜಿ ಮುಟ್ಟುವುದೇ ಇಲ್ಲ. ಅದು ಹೃದಯದ ತೊಂದರೆ ಇರಬಹುದು, ಅವರನ್ನು ಆಗಲೇ ಇಸಿಜಿಗೆ ಕಳಿಸುತ್ತೇನೆ.