ಏರ್ ಕಂಪ್ರೆಸರ್ ಎತ್ತಿಡುವ ಮುನ್ನ ಟ್ಯಾಂಕಿನ ನೀರು ಬಸಿಯಿರಿ

ವಿದ್ಯುತ್ತಿನಿಂದ ನಡೆಯುವ ಏರ್ ಕಂಪ್ರೆಸರ್ ತೊಂದರೆ ಕೊಟ್ಟಾಗ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಮೋಟಾರಿನ ಕಡೆಗೆ. ಮೋಟಾರು ಸುಟ್ಟರೆ ಮತ್ತೆ ವೈಂಡಿಂಗ್ ಮಾಡಿಸಬಹುದು, ಬೆಲ್ಟ್ ಹರಿದರೆ ಬೇರೆಯದನ್ನು ಹಾಕಬಹುದು. ಆದರೆ ಗಾಳಿ ತುಂಬಿಕೊಳ್ಳುವ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿದು ತೆಳುವಾದರೆ ಅದನ್ನು ರಿಪೇರಿ ಮಾಡುವಂತಿಲ್ಲ, ಬದಲಿಸಲೇಬೇಕು. ಎಂಟು ಬಾರ್, ಅಂದರೆ ಸುಮಾರು 116 ಪಿಎಸ್‌ಐ ಒತ್ತಡದಲ್ಲಿ ಟ್ಯಾಂಕಿನ ಗೋಡೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಎಂಟು ಕಿಲೋ ಭಾರದಷ್ಟು ಬಲ ಬೀಳುತ್ತಿರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ, ಯಂತ್ರದ ಆರೈಕೆಯಲ್ಲಿ ಟ್ಯಾಂಕಿಗೇ ಮೊದಲ ಸ್ಥಾನ ಏಕೆಂಬುದು ತಿಳಿಯುತ್ತದೆ. ಸಣ್ಣ ವರ್ಕ್‌ಶಾಪ್ ಮತ್ತು ಮನೆಗಳಲ್ಲಿ ಹೆಚ್ಚಾಗಿ ಕಾಣುವ ಪಿಸ್ಟನ್ ಕಂಪ್ರೆಸರನ್ನು ಗಮನದಲ್ಲಿಟ್ಟುಕೊಂಡು ಇಲ್ಲಿನ ಕ್ರಮವನ್ನು ಬರೆಯಲಾಗಿದೆ. ಯಂತ್ರದ ಜೊತೆ ಬಂದ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತೇ ಅಂತಿಮ.

ಮುಟ್ಟುವ ಮೊದಲು

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಟ್ಯಾಂಕಿನ ಒತ್ತಡ ಕಡಿಮೆಯಾದಾಗ ಪ್ರೆಷರ್ ಸ್ವಿಚ್ ಮೋಟಾರನ್ನು ತಾನಾಗಿಯೇ ಚಾಲೂ ಮಾಡುತ್ತದೆ. ಆ ಹೊತ್ತಿನಲ್ಲಿ ಬೆರಳು ಬೆಲ್ಟ್ ಮತ್ತು ಪುಲ್ಲಿಯ ನಡುವೆ ಇದ್ದರೆ ಆಗುವ ಅನಾಹುತವನ್ನು ವಿವರಿಸಬೇಕಿಲ್ಲ. ನಂತರ ಟ್ಯಾಂಕಿನ ಗಾಳಿಯನ್ನು ಹೊರಬಿಟ್ಟು, ಗೇಜಿನ ಮುಳ್ಳು ಸೊನ್ನೆಗೆ ಬಂದ ಮೇಲಷ್ಟೇ ನಟ್ಟು, ಪೈಪು, ವಾಲ್ವುಗಳಿಗೆ ಸ್ಪ್ಯಾನರ್ ಹಾಕಬೇಕು. ಯಂತ್ರದ ಹೆಡ್ (ಸಿಲಿಂಡರಿನ ಮೇಲಿನ ಭಾಗ) ಮತ್ತು ಅಲ್ಲಿಂದ ಟ್ಯಾಂಕಿಗೆ ಇಳಿಯುವ ತಾಮ್ರದ ಕೊಳವೆ ಚರ್ಮ ಸುಡುವಷ್ಟು ಕಾದಿರುತ್ತವೆ, ಅವು ಆರುವವರೆಗೆ ಕಾಯಬೇಕು. ಮೋಟಾರಿನ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದಾದ್ದರಿಂದ ಅದರ ಮುಚ್ಚಳ ತೆಗೆಯುವ ಕೆಲಸವನ್ನು ಎಲೆಕ್ಟ್ರಿಷಿಯನ್ನರಿಗೇ ಬಿಡುವುದು ಒಳ್ಳೆಯದು.

ನೀರು ಎಲ್ಲಿಂದ ಬರುತ್ತದೆ

ಹೊರಗಿನ ಗಾಳಿಯಲ್ಲಿರುವ ತೇವವೂ ಗಾಳಿಯ ಜೊತೆಗೇ ಟ್ಯಾಂಕು ಸೇರುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ನೀರಿನ ಆವಿ ಇರುತ್ತದೆ. 50 ಲೀಟರಿನ ಟ್ಯಾಂಕನ್ನು ಎಂಟು ಬಾರ್‌ವರೆಗೆ ತುಂಬಿದಾಗ ಅದರೊಳಗೆ ಹೊರಗಿನ ಲೆಕ್ಕದಲ್ಲಿ 450 ಲೀಟರಿನಷ್ಟು ಗಾಳಿ ಸೇರಿರುತ್ತದೆ, ಆದರೆ ಆವಿಯಾಗಿ ಉಳಿಯಬಲ್ಲ ನೀರು 50 ಲೀಟರ್ ಜಾಗಕ್ಕೆ ಹಿಡಿಯುವಷ್ಟು ಮಾತ್ರ. ಮಿಕ್ಕದ್ದು ಟ್ಯಾಂಕು ತಣಿದಂತೆ ಹನಿಗಟ್ಟಿ ತಳಕ್ಕಿಳಿಯುತ್ತದೆ. ಗಾಳಿ ಅಷ್ಟು ತೇವದಿಂದಿದ್ದ ದಿನ ಒಂದೇ ಸಲ ತುಂಬುವಷ್ಟರಲ್ಲಿ ಹತ್ತು ಗ್ರಾಂಗೂ ಹೆಚ್ಚು ನೀರು, ಅಂದರೆ ಎರಡು ಟೀ ಚಮಚಕ್ಕೂ ಮಿಗಿಲು. ದಿನವಿಡೀ ಕೆಲಸ ನಡೆದರೆ ಎಷ್ಟಾಗುತ್ತದೆ ಎಂಬುದನ್ನು ಊಹಿಸಿಕೊಳ್ಳಬಹುದು. ಯಂತ್ರ ಹೊಸದು, ಇನ್ನೂ ನೀರು ಬರುವುದಿಲ್ಲ ಎಂದು ಹೇಳುವವರಿದ್ದಾರೆ. ನೀರಿಗೂ ಯಂತ್ರದ ವಯಸ್ಸಿಗೂ ಸಂಬಂಧವೇ ಇಲ್ಲ.

ಆದ್ದರಿಂದ ಬಳಸಿದ ಪ್ರತಿದಿನವೂ ಕೆಲಸ ಮುಗಿದ ಮೇಲೆ ನೀರನ್ನು ಬಸಿಯಬೇಕು. ಪ್ಲಗ್ ತೆಗೆದು, ಒತ್ತಡವನ್ನು ಒಂದೆರಡು ಬಾರ್‌ಗೆ ಇಳಿಸಿ, ಟ್ಯಾಂಕಿನ ತಳದಲ್ಲಿರುವ ಡ್ರೈನ್ ವಾಲ್ವಿನ ಕೆಳಗೆ ಅಗಲವಾದ ಪಾತ್ರೆಯಿಟ್ಟು, ಮುಖವನ್ನು ದೂರವಿರಿಸಿ ವಾಲ್ವನ್ನು ಕಾಲು ಸುತ್ತಿನಷ್ಟು ಮಾತ್ರ ತಿರುಗಿಸಬೇಕು. ಮೊದಲು ಕಂದುಬಣ್ಣದ ನೀರು ಸುರಿಯುತ್ತದೆ, ಆಮೇಲೆ ನೀರು ಗಾಳಿ ಎರಡೂ ಸೇರಿ ಚಿಟಚಿಟ ಸಿಡಿಯುತ್ತದೆ, ಕೊನೆಗೆ ಬರೀ ಗಾಳಿ. ಅಷ್ಟಕ್ಕೇ ವಾಲ್ವನ್ನು ಮುಚ್ಚದೆ ಟ್ಯಾಂಕನ್ನು ಡ್ರೈನ್ ಇರುವ ಕಡೆಗೆ ತುಸು ಓರೆ ಮಾಡಿದರೆ ಮೂಲೆಯಲ್ಲಿ ಉಳಿದದ್ದೂ ಇಳಿದು ಬರುತ್ತದೆ. ಈ ನೀರಿನಲ್ಲಿ ಆಯಿಲ್ ಬೆರೆತಿರುವುದರಿಂದ ಅದನ್ನು ಮಣ್ಣಿಗೋ ಚರಂಡಿಗೋ ಚೆಲ್ಲದೆ ಹಳೆಯ ಆಯಿಲ್ ಸಂಗ್ರಹಿಸುವ ಡಬ್ಬಕ್ಕೆ ಹಾಕಬೇಕು. ನೀರು ಕಂದಾಗಿರುವುದು ಸಾಮಾನ್ಯ. ಆದರೆ ತುಕ್ಕಿನ ಚಕ್ಕೆಗಳೇ ಉದುರಿ ಬಂದರೆ ಬಳಕೆಯನ್ನು ನಿಲ್ಲಿಸಿ, ಟ್ಯಾಂಕನ್ನು ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. ಸೂಜಿಮೊನೆಯಷ್ಟು ತೂತು ಬಿದ್ದಿದ್ದರೂ ವೆಲ್ಡಿಂಗ್ ಮಾಡಿಸುವುದಾಗಲಿ ಎಂ-ಸೀಲ್‌ನಂಥ ಅಂಟು ಮೆತ್ತುವುದಾಗಲಿ ಸಲ್ಲದು. ಆ ತೂತಿನ ಸುತ್ತಲಿನ ಲೋಹವೂ ಅಷ್ಟೇ ಸವೆದಿರುತ್ತದೆ, ಮುಂದಿನ ಸಲ ಅದು ಸೋರದೆ ಸಿಡಿಯಬಹುದು.

ಟ್ಯಾಂಕಿನ ಇನ್ನೊಂದು ಕಾವಲು ಸೇಫ್ಟಿ ವಾಲ್ವ್. ಪ್ರೆಷರ್ ಸ್ವಿಚ್ ಕೆಲಸ ಮಾಡದೆ ಒತ್ತಡ ಏರುತ್ತಲೇ ಹೋದರೆ ಗಾಳಿಯನ್ನು ಹೊರಬಿಟ್ಟು ಅನಾಹುತ ತಪ್ಪಿಸುವುದು ಇದೊಂದೇ. ಕೈಪಿಡಿಯಲ್ಲಿ ಹೇಳಿದ ಅವಧಿಗೊಮ್ಮೆ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಇದರ ಉಂಗುರವನ್ನು ಎಳೆದು ನೋಡಬೇಕು. ಎಳೆದಾಗ ಗಾಳಿ ಜೋರಾಗಿ ನುಗ್ಗಬೇಕು, ಬಿಟ್ಟಾಗ ತಕ್ಷಣ ನಿಲ್ಲಬೇಕು. ಎರಡರಲ್ಲಿ ಯಾವುದು ತಪ್ಪಿದರೂ ಅದೇ ಒತ್ತಡಕ್ಕೆ ನಿಗದಿಯಾದ ಹೊಸ ವಾಲ್ವನ್ನು ಹಾಕಿಸಬೇಕು. ಸೋರುತ್ತದೆಂದು ಅದರ ಬಾಯಿಗೆ ಬೋಲ್ಟ್ ಬಿಗಿದ ಯಂತ್ರ ಕಂಡರೆ ಅದರ ಹತ್ತಿರವೂ ನಿಲ್ಲಬಾರದು.

ಆಯಿಲ್, ಫಿಲ್ಟರ್, ಬೆಲ್ಟ್

ಆಯಿಲ್ ಹಾಕುವ ಯಂತ್ರವೋ ಆಯಿಲ್‌ರಹಿತ ಯಂತ್ರವೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಎರಡನೆಯದಕ್ಕೆ ಒಂದು ಹನಿಯನ್ನೂ ಹಾಕುವಂತಿಲ್ಲ. ಆಯಿಲ್ ಇರುವ ಯಂತ್ರವನ್ನು ಸಮತಟ್ಟಾದ ಜಾಗದಲ್ಲಿಟ್ಟು ಗಾಜಿನ ಕಿಂಡಿಯಲ್ಲಿ ನೋಡಿದಾಗ ಮಟ್ಟವು ಗುರುತಿನ ಬಳಿ ಇರಬೇಕು. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದೇ ಅರ್ಥ, ಆಗ ಯಂತ್ರ ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕ ನೋಡದೆ ಆಯಿಲ್ ಬದಲಿಸಬೇಕು. ವಾಹನಗಳ ಎಂಜಿನ್ ಆಯಿಲನ್ನು ಇದಕ್ಕೆ ಸುರಿಯುವ ರೂಢಿ ಹಲವೆಡೆ ಇದೆ. ಅದರಲ್ಲಿ ಸೇರಿಸಿರುವ ಡಿಟರ್ಜೆಂಟ್ ಅಂಶಗಳು ನೀರನ್ನು ತಳಕ್ಕೆ ಇಳಿಯಗೊಡದೆ ಆಯಿಲಿನಲ್ಲೇ ಬೆರೆಸಿಡುತ್ತವೆ, ಬಿಸಿಯಾದ ವಾಲ್ವುಗಳ ಮೇಲೆ ಕರಿಯೂ ಕಟ್ಟುತ್ತದೆ. ಕೈಪಿಡಿಯಲ್ಲಿ ಹೇಳಿದ ಕಂಪ್ರೆಸರ್ ಆಯಿಲನ್ನೇ ಬಳಸಬೇಕು. ಹೊಸ ಯಂತ್ರದ ಮೊದಲ ಬದಲಾವಣೆ ಉಳಿದವುಗಳಿಗಿಂತ ಬೇಗ ಆಗಬೇಕು, ಏಕೆಂದರೆ ಆರಂಭದಲ್ಲಿ ಸವೆದ ಲೋಹದ ಪುಡಿ ಅದರಲ್ಲಿರುತ್ತದೆ.

ಗಾಳಿ ಒಳಹೋಗುವ ಫಿಲ್ಟರ್ ಸ್ಪಂಜಿನದಾದರೆ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಬಹುದು, ಕಾಗದದ್ದಾದರೆ ಬದಲಿಸುವುದೇ ಸರಿ. ಬೆಲ್ಟ್‌ನ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10ರಿಂದ 13 ಮಿಲಿಮೀಟರ್ ತಗ್ಗಿದರೆ ಸಾಕು, ಅದಕ್ಕಿಂತ ಬಿಗಿ ಮಾಡಿದರೆ ಬೇರಿಂಗ್ ಹಾಳಾಗುತ್ತದೆ.

ಮೋಟಾರು ನಿಂತ ಕ್ಷಣ ಪ್ರೆಷರ್ ಸ್ವಿಚ್ಚಿನ ಬಳಿ 'ಪುಸ್' ಎಂದು ಒಮ್ಮೆ ಸದ್ದು ಬರಬೇಕು. ಹೆಡ್‌ನಿಂದ ಟ್ಯಾಂಕಿಗಿರುವ ಕೊಳವೆಯಲ್ಲಿ ಉಳಿದ ಗಾಳಿ ಹೊರಬೀಳುವ ಸದ್ದು ಅದು. ಅದು ಹೊರಬಿದ್ದರೇನೇ ಮುಂದಿನ ಸಲ ಮೋಟಾರು ಹೊರೆಯಿಲ್ಲದೆ ತಿರುಗಲು ಶುರು ಮಾಡುತ್ತದೆ. ಸದ್ದೇ ಬಾರದೆ ಮುಂದಿನ ಸಲ ಮೋಟಾರು ತಿರುಗದೆ ಗುಂಯ್‌ಗುಟ್ಟಿದರೆ ಗಾಳಿ ಬಿಡುವ ಆ ಚಿಕ್ಕ ವಾಲ್ವ್ ಕೆಟ್ಟಿದೆ. 'ಪುಸ್' ಸದ್ದು ನಿಲ್ಲದೆ ಮುಂದುವರಿದರೆ ಟ್ಯಾಂಕಿನ ಬಾಯಲ್ಲಿರುವ ನಾನ್-ರಿಟರ್ನ್ ವಾಲ್ವ್ ಗಾಳಿಯನ್ನು ಹಿಂದಕ್ಕೆ ಬಿಡುತ್ತಿದೆ. ಬೇರೆ ಕಡೆಯ ಸೋರಿಕೆಗಳು ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆಯೆದ್ದು ಗೊತ್ತಾಗುತ್ತವೆ.

ತಂತಿಯ ವಿಷಯದಲ್ಲಿ ಒಂದೇ ಮಾತು: ದೂರದಲ್ಲಿ ಕೆಲಸವಿದ್ದರೆ ಗಾಳಿಯ ಹೋಸ್ ಪೈಪನ್ನು ಉದ್ದ ಮಾಡಿಕೊಳ್ಳಬೇಕೇ ಹೊರತು ತೆಳುವಾದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆಯಬಾರದು. ತಂತಿ ಉದ್ದವಾದಷ್ಟೂ ವೋಲ್ಟೇಜ್ ಇಳಿದು ಮೋಟಾರು ಬಿಸಿಯಾಗುತ್ತದೆ. ಅರ್ಥಿಂಗ್ ಇರುವ ಸಾಕೆಟ್ಟಿಗೇ ಪ್ಲಗ್ ಹಾಕಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಎತ್ತಿಡುವಾಗ

ತಿಂಗಳುಗಟ್ಟಲೆ ಬಳಸುವುದಿಲ್ಲವೆಂದಾದರೆ ಒತ್ತಡವನ್ನು ಸೊನ್ನೆಗಿಳಿಸಿ, ನೀರು ಬಸಿದು, ಡ್ರೈನ್ ವಾಲ್ವನ್ನು ತೆರೆದೇ ಬಿಡಬೇಕು; ಒಳಗೆ ಉಳಿದ ತೇವ ಆರಲು ಬೇರೆ ದಾರಿಯಿಲ್ಲ. ಯಂತ್ರ ಬಿಸಿಯಿರುವಾಗ ಮುಸುಕು ಹಾಕಬಾರದು. ಆಮೇಲೆಯೂ ಪ್ಲಾಸ್ಟಿಕ್ ಹಾಳೆಗಿಂತ ಹತ್ತಿಬಟ್ಟೆ ಮೇಲು, ಏಕೆಂದರೆ ಪ್ಲಾಸ್ಟಿಕ್ಕಿನೊಳಗೆ ಪಸೆ ಕಟ್ಟುತ್ತದೆ. ಸಿಮೆಂಟ್ ನೆಲದ ತೇವ ತಾಗದಂತೆ ಹಲಗೆಯ ಮೇಲಿಡಬೇಕು. ಆಯಿಲ್ ಇರುವ ಯಂತ್ರವನ್ನು ಜಾಗ ಉಳಿಸಲೆಂದು ಮಲಗಿಸಿಟ್ಟರೆ ಆಯಿಲ್ ಸಿಲಿಂಡರಿಗೆ ಏರುತ್ತದೆ. ಪೆಟ್ರೋಲ್, ಥಿನ್ನರ್ ಇಡುವ ಕೋಣೆ ಬೇಡ. ಪ್ರೆಷರ್ ಸ್ವಿಚ್ಚಿನ ಒಂದು ಕಿಡಿ ಸಾಕು. ಹೋಸನ್ನು ಗಾಳಿ ಬಿಟ್ಟು ಅಗಲವಾಗಿ ಸುತ್ತಿಡಬೇಕು. ಇಲಿಗಳು ಹಲ್ಲಾಡಿಸದಂತೆ ವೈರನ್ನು ಎತ್ತರದಲ್ಲಿ ತೂಗುಹಾಕುವುದು ಒಳಿತು. ಫಿಲ್ಟರಿನ ಬಾಯಿಗೆ ಹುಳುಹುಪ್ಪಟೆ ಹೋಗದಂತೆ ಬಟ್ಟೆ ಕಟ್ಟಿದರೆ, ಅದನ್ನು ಬಿಚ್ಚಬೇಕೆಂಬ ಚೀಟಿಯನ್ನು ಪ್ಲಗ್ಗಿಗೆ ಕಟ್ಟಿಡಬೇಕು.

ಮತ್ತೆ ಹೊರತೆಗೆದಾಗ ಬಟ್ಟೆ ಬಿಚ್ಚಿ, ಆಯಿಲ್ ಮಟ್ಟ ನೋಡಿ, ಪ್ಲಗ್ ಹಾಕುವ ಮೊದಲೇ ಪುಲ್ಲಿಯನ್ನು ಕೈಯಿಂದ ಒಂದೆರಡು ಸುತ್ತು ತಿರುಗಿಸಬೇಕು. ಅದು ಸರಾಗವಾಗಿ ತಿರುಗಿದರೆ ಡ್ರೈನ್ ವಾಲ್ವ್ ತೆರೆದಿಟ್ಟೇ ಕೆಲವು ನಿಮಿಷ ಓಡಿಸಿ, ನಂತರ ಮುಚ್ಚಿ ಒತ್ತಡ ಏರಲು ಬಿಡಬೇಕು. ಮೋಟಾರು ತಾನಾಗಿ ನಿಲ್ಲುವವರೆಗೆ ಗೇಜಿನ ಮುಂದೆಯೇ ಇರಬೇಕು; ನಿಗದಿತ ಒತ್ತಡ ದಾಟಿದ ಮೇಲೂ ಅದು ಓಡುತ್ತಿದ್ದರೆ ಕೂಡಲೇ ವಿದ್ಯುತ್ ತಪ್ಪಿಸಿ, ಗಾಳಿಯನ್ನು ನಿಧಾನವಾಗಿ ಹೊರಬಿಟ್ಟು, ಪ್ರೆಷರ್ ಸ್ವಿಚ್ ಬದಲಾಗುವವರೆಗೆ ಯಂತ್ರವನ್ನು ಬಳಸಬಾರದು.