ಗಾದೆಗೆ ಟೇಪು ಹಿಡಿದವನ ಅನುಭವ

ಗಾದೆಗಳನ್ನು ಅಕ್ಷರಶಃ ತೆಗೆದುಕೊಂಡು ನಗಿಸುವುದು ಎಡಗೈ ಕೆಲಸ ಅಂದುಕೊಂಡವರು ಬಹಳ. ‘ಕೈ ಕೆಸರಾದರೆ ಬಾಯಿ ಮೊಸರು’ ಅಂದ ಕೂಡಲೇ ‘ಮೊದಲು ಕೈ ತೊಳ್ಕೊಳ್ಳಿ’ ಅಂದರಾಯಿತಲ್ಲ? ಅದಕ್ಕೆ ಯಾರೂ ನಗುವುದಿಲ್ಲ, ಮುಲಾಜಿಗೆ ಹಲ್ಲು ಬಿಡುತ್ತಾರೆ ಅಷ್ಟೆ. ನಾನು ಮಾಡುವುದು ಇಷ್ಟೇ: ಗಾದೆಯನ್ನು ಪೂರ್ತಿ ನಂಬಿ, ಅದು ಹೇಳಿದ ಹಾಗೇ ಮಾಡಿ, ಅಳೆದು ನೋಡುತ್ತೇನೆ. ಮುಖದಲ್ಲಿ ಮಾತ್ರ ನಗು ಸುಳಿಯಬಾರದು.

‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬುದನ್ನು ಹೀಗೇ ಪರೀಕ್ಷೆಗೆ ಹಚ್ಚಿದೆ. ಅಂಚಿನ ತನಕ ನೀರು ತುಂಬಿ ಎತ್ತಿಕೊಂಡು ಹೊರಟೆ. ಮೊದಲ ಹೆಜ್ಜೆಗೇ ನೀರು ಮೊಣಕೈಗೆ ಇಳಿಯಿತು, ಮುಂದಿನದಕ್ಕೆ ಅಂಗಿ ಒದ್ದೆ. ಅರ್ಧ ಚೆಲ್ಲಿ ನಡೆದೆ. ಒಳಗೆ ಗುಳುಗುಳು ಸದ್ದು, ಹೊರಗೆ ಒಂದು ಹನಿಯೂ ಇಲ್ಲ. ನನ್ನಾಕೆ ನೆಲ ಒರೆಸುವ ಬಟ್ಟೆ ಎಸೆದು, “ರೀ, ಸಂಶೋಧನೆ ಸಾಕು, ಒರೆಸಿ” ಅಂದಳು. ಒರೆಸಿದೆ. ಮತ್ತೆ ತುಂಬಿ, ಗಾಳಿಗೆ ಜಾಗವೇ ಉಳಿಯದಂತೆ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು ಕಟ್ಟಿದೆ. ಈಗ ತುಳುಕಲಿಲ್ಲ. ನೀರು ಒಲೆದಾಡಬೇಕಾದರೆ ಮೇಲೆ ಖಾಲಿ ಜಾಗ ಬೇಕು. ಅರ್ಧ ತುಂಬಿದ ಟ್ಯಾಂಕರ್ ತಿರುವಿನಲ್ಲಿ ವಾಲುವುದೂ, ಅದರೊಳಗೆ ಅಡ್ಡ ತಡೆಗಳನ್ನು ಕೂರಿಸುವುದೂ ಇದಕ್ಕೇ. ಹಾಗಾಗಿ ನನ್ನ ತಿದ್ದುಪಡಿ: ತುಂಬಿದ ಕೊಡ ಬಾಯಿ ಮುಚ್ಚಿಕೊಂಡಿದ್ದರೆ ತುಳುಕುವುದಿಲ್ಲ. ಕೆಲವು ವಿದ್ವಾಂಸರಿಗೂ ಇದು ಅನ್ವಯಿಸುತ್ತದೆ, ಹೆಸರು ಬೇಡ.

ಎಲ್ಲ ಗಾದೆಗೂ ನೆಲ ಒದ್ದೆ ಮಾಡಬೇಕಿಲ್ಲ, ಲೆಕ್ಕ ಸಾಕು. ‘ಮಾತು ಬೆಳ್ಳಿ, ಮೌನ ಬಂಗಾರ.’ ಒಂದು ಘನ ಸೆಂಟಿಮೀಟರ್ ಬೆಳ್ಳಿ 10.5 ಗ್ರಾಂ ತೂಗಿದರೆ ಬಂಗಾರ 19.3 ಗ್ರಾಂ. ಅಂದರೆ ಮೌನದ ಭಾರ ಮಾತಿನ ಹತ್ತಿರ ಹತ್ತಿರ ಎರಡರಷ್ಟು. ಜಗಳದ ಮಾರನೆಯ ದಿನ ಇದು ಯಾರಿಗಾದರೂ ಅನುಭವಕ್ಕೆ ಬರುತ್ತದೆ. ಇನ್ನು ಶಾಖ ಸಾಗಿಸುವುದರಲ್ಲಿ ಲೋಹಗಳಲ್ಲೆಲ್ಲ ಬೆಳ್ಳಿಯೇ ಮುಂದು. ಮಾತಿಗೆ ಮಾತು ಬೆಳೆದರೆ ಕಾವೇರುವುದು ಸುಮ್ಮನೆ ಅಲ್ಲ.

‘ದೂರದ ಬೆಟ್ಟ ನುಣ್ಣಗೆ’ ಮಾತ್ರ ನನ್ನ ಕೈಗೆ ಸಿಗಲಿಲ್ಲ. ಒಳ್ಳೆಯ ಕಣ್ಣೂ ಒಂದು ಡಿಗ್ರಿಯ 60ನೇ ಒಂದು ಭಾಗಕ್ಕಿಂತ ಚಿಕ್ಕದನ್ನು ಬಿಡಿಸಿ ನೋಡಲಾರದು. 10 ಕಿಲೋಮೀಟರ್ ದೂರದಲ್ಲಿ ಅದು ಸುಮಾರು 3 ಮೀಟರ್. ಆಳೆತ್ತರದ ಬಂಡೆಯೂ ಅಳಿಸಿಹೋಗುತ್ತದೆ. ಗಾದೆ ಅಕ್ಷರಶಃ ನಿಜವಾದರೆ ನಗಿಸುವುದು ಹೇಗೆ? ಕೈಬಿಟ್ಟೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಅಷ್ಟು ಸತಾಯಿಸುವುದಿಲ್ಲ: ಮಡಕೆ ಒಂದೇ ಏಟಿಗೆ ಒಡೆಯುತ್ತದೆ, ಉಳಿದ 59 ಸೆಕೆಂಡ್ ದೊಣ್ಣೆ ಏನು ಮಾಡುತ್ತಿತ್ತು ಅಂತ ಕೇಳಿದರೆ ಸಾಕು.

ಹಿರಿಯರು ನೊಂದವರಿಗೆ ಸಮಾಧಾನ ಹೇಳುವಾಗ ಈ ಚಾಳಿಯನ್ನು ಜೇಬಿನಲ್ಲೇ ಇಟ್ಟುಕೊಳ್ಳುತ್ತೇನೆ. ಬುದ್ಧಿವಾದಕ್ಕೆ ಆ ರಿಯಾಯಿತಿ ಇಲ್ಲ.

ಮೊನ್ನೆ ಹೊಸ ಫೋನಿನ ಆಸೆ ತೋಡಿಕೊಂಡಾಗ ನನ್ನಾಕೆ, “ಹಾಸಿಗೆ ಇದ್ದಷ್ಟು ಕಾಲು ಚಾಚಿ” ಅಂದಳು. ಟೇಪು ತಂದೆ. ಉದ್ದ 6 ಅಡಿ, ಅಗಲ 5 ಅಡಿ. ಮೂಲೆಯಿಂದ ಮೂಲೆಗೆ ಅಳೆದರೆ 7.8 ಅಡಿ! ಅಡ್ಡಡ್ಡ ಮಲಗಿದರೆ ಖರ್ಚಿಲ್ಲದೆ ಒಂದೂಮುಕ್ಕಾಲು ಅಡಿ ಲಾಭ ಅಂತ ಮಲಗಿಯೇ ತೋರಿಸಿದೆ.

“ಸರಿ, ನಾನೆಲ್ಲಿ ಮಲಗಲಿ?” ಅಂದಳು.

ಅದಕ್ಕೆ ಪೈಥಾಗೊರಸ್ ಏನೂ ಹೇಳಿಲ್ಲ.