ಕಸಿ ಹೃದಯಕ್ಕೊಂದು ಹೊಸ ವಾಲ್ವ್: ನನ್ನ ಅನುಭವ

"ಎದೇಲಿ ನೋವೇನೂ ಇಲ್ಲ ಕಣ್ ಸಾ. ನಾಲೆ ಏರಿ ಹತ್ತೋಕ್ ಹೋದ್ರೆ ಉಸ್ರು ಕಟ್ತದೆ, ಅಷ್ಟೇಯ."

ಮಂಡ್ಯ ಕಡೆಯ ರೈತರು, ವಯಸ್ಸು 58. 14 ವರ್ಷದ ಹಿಂದೆ ಬೆಂಗಳೂರಿನಲ್ಲಿ ಹೃದಯ ಕಸಿ ಆಗಿತ್ತು. ನಾನು ಮೈಸೂರಿನಲ್ಲಿ ಹೃದಯದ ಡಾಕ್ಟರು. ಕಸಿ ಆದವರು ಉಸಿರು ಸಾಲದು ಅಂದರೆ ನಮಗೆ ಮೊದಲು ಬರುವ ಅನುಮಾನ ಎರಡು. ದೇಹ ಆ ಹೃದಯವನ್ನು ಒಪ್ಪದೆ ತಿರುಗಿಬಿದ್ದಿದೆಯಾ? ಇಲ್ಲ, ಅದರ ರಕ್ತನಾಳಗಳು ಕಿರಿದಾಗಿವೆಯಾ? ನಾನೂ ಅದನ್ನೇ ಯೋಚಿಸುತ್ತಾ ಸ್ಟೆತಾಸ್ಕೋಪ್ ಇಟ್ಟೆ. ಎದೆಯ ಬಲಗಡೆ ಮೇಲೆ ಗರಗಸ ಎಳೆದ ಹಾಗೆ ಸದ್ದು. ಕುತ್ತಿಗೆಯವರೆಗೂ ಕೇಳುತ್ತಿತ್ತು.

ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್‌ನಲ್ಲಿ, ವಿಷಯ ಗೊತ್ತಾಯಿತು. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲಾದ ಅಯೋರ್ಟಿಕ್ ವಾಲ್ವ್‌ಗೆ ಮೂರು ಎಸಳು ಇರಬೇಕು, ಇದಕ್ಕೆ ಎರಡೇ. ಎರಡೂ ಸುಣ್ಣ ಕಟ್ಟಿ ಗಟ್ಟಿಯಾಗಿದ್ದವು. 3-4 ಚದರ ಸೆಂ.ಮೀ. ತೆರೆಯಬೇಕಾದ ಬಾಗಿಲು 0.8 ಮಾತ್ರ ತೆರೆಯುತ್ತಿತ್ತು. ವಾಲ್ವ್‌ನ ಆಚೀಚೆ ಒತ್ತಡದ ವ್ಯತ್ಯಾಸ ಸರಾಸರಿ 48 ಮಿ.ಮೀ. ಪಾದರಸ. 40 ದಾಟಿದರೇ ತೀವ್ರ ಅಂತ ಲೆಕ್ಕ. ಹುಟ್ಟಿನಿಂದಲೇ ಎರಡೆಸಳು ಇರುವುದು ನೂರರಲ್ಲಿ ಒಬ್ಬಿಬ್ಬರಿಗೆ. ಕಸಿ ಮಾಡುವಾಗ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದಿರಬೇಕು. ಹೃದಯ ಕೊಟ್ಟವರಿಗೆ ಆಗ ನಲವತ್ತರ ಮೇಲಾಗಿತ್ತಂತೆ. ಅಂದರೆ ಈ ವಾಲ್ವ್‌ಗೂ ಹತ್ತಿರ ಹತ್ತಿರ 60 ವರ್ಷ. ಹೃದಯದ ಚೂರು ತೆಗೆದು ನೋಡುವ ಬಯಾಪ್ಸಿ, ರಕ್ತನಾಳ ನೋಡುವ ಆಂಜಿಯೋಗ್ರಾಂ ಎರಡನ್ನೂ ಮಾಡಿಸಿ, ಮೊದಲಿನ ಅನುಮಾನಗಳು ಇಲ್ಲ ಅಂತ ಖಾತ್ರಿ ಮಾಡಿಕೊಂಡೆ.

ನೋವು ಇಲ್ಲ ಅಂದರಲ್ಲ, ಅದರ ಬಗ್ಗೆ ಹೇಳಲೇಬೇಕು. ಕಸಿ ಮಾಡುವಾಗ ಹೃದಯದ ನರಗಳು, ನೋವು ತಿಳಿಸುವುದೂ ಬಡಿತ ನಿಧಾನಿಸುವುದೂ, ಕತ್ತರಿಸಿಹೋಗುತ್ತವೆ. ಕೆಲವರಲ್ಲಿ ವರ್ಷಗಳು ಕಳೆದ ಮೇಲೆ ಸ್ವಲ್ಪ ಮತ್ತೆ ಬೆಳೆಯುತ್ತವೆ. ಇವರಲ್ಲಿ ಬೆಳೆದ ಹಾಗೆ ಕಾಣಲಿಲ್ಲ. ಸುಮ್ನೆ ಕೂತಿದ್ದರೂ ನಾಡಿ ನಿಮಿಷಕ್ಕೆ 98. ಬೇರೆಯವರಿಗೆ ಇಂಥ ವಾಲ್ವ್ ಇದ್ದರೆ ಎದೆನೋವು ಬಂದು ಎಚ್ಚರಿಸಬಹುದು. ಇವರಿಗೆ ಆ ಗಂಟೆಯೇ ಇಲ್ಲ. ಅದಕ್ಕೇ ಕಸಿ ಆದವರು ಮುಂಚೆ ಸಲೀಸಾಗಿ ಮಾಡುತ್ತಿದ್ದ ಕೆಲಸ ಈಗ ಆಗುತ್ತಿಲ್ಲ ಅಂದರೆ ನಾನು ಅದನ್ನು ಎದೆನೋವಿನಷ್ಟೇ ಗಂಭೀರವಾಗಿ ತಗೋತೀನಿ.

ಹೊಸ ವಾಲ್ವ್ ಹಾಕಲು ದಿನ ಗೊತ್ತು ಮಾಡಿದ್ದೆವು. ಅಷ್ಟರಲ್ಲಿ ಅವರಿಗೆ ಕೆಮ್ಮು ಶುರುವಾಗಿ, ಊರ ಹತ್ತಿರದ ಕ್ಲಿನಿಕ್ ಒಂದರಲ್ಲಿ ಕ್ಲಾರಿತ್ರೋಮೈಸಿನ್ ಅನ್ನೋ ಆಂಟಿಬಯಾಟಿಕ್ ಬರೆದುಕೊಟ್ಟಿದ್ದರು. ಕಸಿ ಆದವರು ಅಂತ ಯಾರೂ ಕೇಳಿಲ್ಲ, ಇವರೂ ಹೇಳಿಲ್ಲ. ದೇಹ ಕಸಿ ಹೃದಯದ ಮೇಲೆ ತಿರುಗಿ ಬೀಳದಿರಲಿ ಅಂತ ಕೊಡುವ ಟ್ಯಾಕ್ರೋಲಿಮಸ್ ಮಾತ್ರೆಯನ್ನು ಕರುಳು ಮತ್ತು ಲಿವರ್ ಒಡೆದು ಕಡಿಮೆ ಮಾಡುತ್ತವೆ. ಕ್ಲಾರಿತ್ರೋಮೈಸಿನ್ ಆ ಕೆಲಸವನ್ನೇ ತಡೆಯುತ್ತದೆ. ರಕ್ತದಲ್ಲಿ 8 ಇದ್ದ ಮಟ್ಟ 19ಕ್ಕೆ ಹೋಯಿತು. ಕಿಡ್ನಿ ಸೋತಷ್ಟೂ ಏರುವ ಕ್ರಿಯೇಟಿನಿನ್ 1.4ರಿಂದ 2.3. ಕೈ ನಡುಕ ಬೇರೆ. ಲೋಟ ಹಿಡಿದರೆ ಕಾಫಿ ತಟ್ಟೆಗೆ ಚೆಲ್ಲುತ್ತಿತ್ತು. ಎಲ್ಲ ಮುಂದಕ್ಕೆ ಹಾಕಿ, ಆ ಮಾತ್ರೆ ನಿಲ್ಲಿಸಿ, ಟ್ಯಾಕ್ರೋಲಿಮಸ್ ಡೋಸ್ ಇಳಿಸಿ, ಮೂರು ವಾರ ಕಾದೆವು. ಕ್ರಿಯೇಟಿನಿನ್ 1.6ಕ್ಕೆ ಬಂತು. ಆಗಲೇ ಅವರ ಮನೆಯವರಿಗೆ ಚಕ್ಕೋತ ಹಣ್ಣನ್ನೂ ಕೊಡಬೇಡಿ ಅಂದೆ. ಅದೂ ಇದೇ ಕೆಲಸ ಮಾಡುತ್ತೆ. "ಹಿತ್ತಲಲ್ಲೇ ಮರ ಐತಲ್ಲ ಸಾ" ಅಂದರು ಆ ತಾಯಿ, ಗಾಬರಿಯಿಂದ.

ಎದೆ ಮತ್ತೆ ತೆರೆಯುವುದೋ, ತೊಡೆಯ ರಕ್ತನಾಳದಿಂದ ಹೋಗುವುದೋ? ಸರ್ಜನ್ ಜೊತೆ ಕೂತು ಮಾತಾಡಿದೆ. ಹಳೇ ಗಾಯದ ಒಳಗೆಲ್ಲ ಅಂಟಿಕೊಂಡಿರುತ್ತೆ. ಇವರ ಹಾಗೆ ಸ್ಟೆರಾಯ್ಡ್ ತಗೋತಿರೋರಿಗೆ ಗಾಯ ಬೇಗ ಮಾಯೋದಿಲ್ಲ, ಸೋಂಕಿನ ಭಯ ಜಾಸ್ತಿ. 2002ರಲ್ಲಿ ಫ್ರಾನ್ಸಿನ ಅಲೇನ್ ಕ್ರಿಬಿಯೇ ಮೊದಲ ಸಲ ಮನುಷ್ಯರಲ್ಲಿ ಮಾಡಿ ತೋರಿಸಿದ ತಾವಿ (ಎದೆ ತೆರೆಯದೆ, ರಕ್ತನಾಳದ ದಾರಿಯಲ್ಲಿ ಹೊಸ ವಾಲ್ವ್ ಒಯ್ದು ಹಳೆಯದರ ಒಳಗೇ ಕೂರಿಸುವುದು) ಇಂಥವರಿಗೆ ವರ ಅಂತಲೇ ನನ್ನ ಭಾವನೆ. ಎರಡೆಸಳಿನ ವಾಲ್ವ್‌ನಲ್ಲಿ ಹೊಸದು ಸರಿಯಾಗಿ ಕೂರದೆ ಪಕ್ಕದಿಂದ ಸೋರಬಹುದು. ಅದಕ್ಕೆ ಸಿಟಿ ಸ್ಕ್ಯಾನ್‌ನಲ್ಲಿ ಎರಡೆರಡು ಸಲ ಅಳತೆ ತೆಗೆದೆವು.

ಆ ದಿನ ಬೆಳಿಗ್ಗೆ ಟ್ಯಾಕ್ರೋಲಿಮಸ್ ಮಟ್ಟ ನೋಡಲು ಮೊದಲು ರಕ್ತ ತೆಗೆದು, ಆಮೇಲೆ ಒಂದು ಗುಟುಕು ನೀರಲ್ಲಿ ಆ ಮಾತ್ರೆ ಕೊಟ್ಟೆವು. ಉಪವಾಸ ಅಂತ ಅದನ್ನು ತಪ್ಪಿಸುವ ಹಾಗಿಲ್ಲ. ಕಿಡ್ನಿಗೆ ಹೊರೆಯಾಗದಿರಲಿ ಅಂತ ಹಿಂದಿನ ರಾತ್ರಿಯಿಂದಲೇ ನಿಧಾನಕ್ಕೆ ಸಲೈನ್. ಎಕ್ಸ್‌ರೇಯಲ್ಲಿ ರಕ್ತನಾಳ ಕಾಣಲು ಬಿಡುವ ಕಾಂಟ್ರಾಸ್ಟ್ ದ್ರವ 40 ಮಿ.ಲೀ. ದಾಟಬಾರದು ಅಂತ ಮೊದಲೇ ಮಾತಾಗಿತ್ತು. ಸಿಸ್ಟರ್ ಪ್ರತಿ ಸಲವೂ ಲೆಕ್ಕ ಜೋರಾಗಿ ಹೇಳುತ್ತಿದ್ದರು.

ತೊಡೆಯಿಂದ ಬಿಟ್ಟ ವೈರ್ ಹೃದಯದ ಕಡೆ ಹೋಗುವಾಗ ಒಂದು ಕಡೆ ತಡೆಯಿತು. ಹೃದಯ ಕೊಟ್ಟವರ ಅಯೋರ್ಟಾವನ್ನು, ಅಂದರೆ ಮುಖ್ಯ ರಕ್ತನಾಳವನ್ನು, ಇವರದಕ್ಕೆ ಹೊಲಿದ ಜಾಗ ಅದು. ಸ್ಕ್ಯಾನ್‌ನಲ್ಲೇ ಸ್ವಲ್ಪ ಮಡಚಿದ ಹಾಗೆ ಕಂಡಿತ್ತು. ನೂಕಲಿಲ್ಲ. ಹಿಂದಕ್ಕೆ ಎಳೆದು, ತಿರುಗಿಸಿ, ಮತ್ತೆ ಬಿಟ್ಟೆ. ಮೂರನೇ ಸಲಕ್ಕೆ ದಾಟಿತು. ವಿದ್ಯುತ್ ಕೊಟ್ಟು ಹೃದಯ ಬಡಿಸುವ ಪೇಸಿಂಗ್ ವೈರ್‌ನಿಂದ ಬಡಿತವನ್ನು 180ಕ್ಕೆ ಏರಿಸಿ, ಬಿಪಿ ಬಿದ್ದ ಆ ಕೆಲವೇ ಸೆಕೆಂಡಿನಲ್ಲಿ ಬಲೂನ್ ಉಬ್ಬಿಸಿ ವಾಲ್ವ್ ಕೂರಿಸಿದೆವು. ಒತ್ತಡದ ವ್ಯತ್ಯಾಸ 9ಕ್ಕೆ ಇಳಿಯಿತು. ಕಾಂಟ್ರಾಸ್ಟ್ 36. ಪೇಸಿಂಗ್ ವೈರನ್ನು ಮಾರನೇ ದಿನದವರೆಗೂ ತೆಗೆಯಲಿಲ್ಲ. ನರ ಇಲ್ಲದ ಹೃದಯ ನಿಧಾನವಾದರೆ, ನರದ ಮೂಲಕ ಬಡಿತ ಏರಿಸುವ ಅಟ್ರೋಪಿನ್ ಚುಚ್ಚಿ ಪ್ರಯೋಜನವಿಲ್ಲ.

ಐದು ತಿಂಗಳ ಮೇಲೆ ಒಂದು ಸಂಜೆ ಫೋನ್ ಮಾಡಿದರು. "ಸಾ, ಹಲ್ಲು ಕೀಳಿಸ್ಬೇಕು. ಡಾಕ್ಟ್ರ ಮುಂದೇನೆ ಕೂತಿವ್ನಿ. ಎದೆ ವಿಸ್ಯ, ವಾಲ್ವ್ ವಿಸ್ಯ ಎಲ್ಲಾನೂ ಹೇಳಿವ್ನಿ. ಯಾವ್ ಮಾತ್ರೆ ಕೊಡ್ಬೋದು, ನೀವೇ ಹೇಳ್ಬುಡಿ" ಅಂತ ಫೋನನ್ನು ಹಲ್ಲಿನ ಡಾಕ್ಟರ ಕೈಗೆ ಕೊಟ್ಟರು. ವಾಲ್ವ್‌ಗೆ ಸೋಂಕು ತಗಲದಿರಲಿ ಅಂತ ಒಂದು ಗಂಟೆ ಮುಂಚೆ ಅಮಾಕ್ಸಿಸಿಲಿನ್ 2 ಗ್ರಾಂ ಕೊಡಿ, ಕ್ಲಾರಿತ್ರೋಮೈಸಿನ್ ಮಾತ್ರ ಬೇಡ ಅಂದೆ. ಹಿಂದಿನಿಂದ ಅವರ ದನಿ ಕೇಳಿತು: "ನೋವಿನ್ ಮಾತ್ರೆ ಕೇಳಿ ಡಾಕ್ಟ್ರೇ, ಕಿಡ್ನಿಗೆ ಆಗ್ದಿರೋದು ಯಾವ್ದು ಅಂತ."